ತಿಳಿನೀರಿನೊಳಗಿನ ಮೀನು

ಟೋಕಿಯೋಗೆ ಹೊರಟಿದ್ದೇನೆ ಎಂದರೆ ಸಾಕು, ನಮ್ಮ ಜನ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಅಲ್ಲಿ ಊಟಕ್ಕೇನು ಮಾಡ್ತೀಯ?’ ಉತ್ತರಕ್ಕೆ ಯಾರೂ ಕಾಯುವುದಿಲ್ಲ. ಎಂಟಿಆರ್ ಪ್ಯಾಕೆಟ್ ತಗೊಂಡು ಹೋಗು, ಚಟ್ನಿಪುಡಿ ಮರೀಬೇಡ, ಅವಲಕ್ಕಿ ಹುರಿದು ಇಟ್ಕೋ, ಅವರು ಹಸಿ ಮೀನು ತಿಂತಾರಂತೆ ಕಣೇ ಎಂದು ಸಲಹೆಗಳು ಒಂದರ ಹಿಂದೆ ಒಂದು ಬರುತ್ತವೆ. ಕೊನೆಗೆ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಪುಳಿಯೋಗರೆ ಗೊಜ್ಜೇ ಜಾಸ್ತಿ.

ಹಸಿ ಮೀನಿಗೆ ಇಷ್ಟೊಂದು ಹೆದರಬೇಕಾಗಿಲ್ಲ. ಅದು ಕಣ್ಣಿಗೆ ಕಾಣುತ್ತದೆ. ಅನ್ನದ ಮುದ್ದೆಯ ಮೇಲೆ ಕೆಂಪಗೆ ಮಲಗಿ, ‘ನಾನು ಮೀನು, ಬೇಕಾದರೆ ತಿನ್ನು, ಬೇಡವಾದರೆ ಬಿಡು’ ಎಂದು ನೇರವಾಗಿ ಹೇಳಿಬಿಡುತ್ತದೆ. ಅದನ್ನು ಬಿಟ್ಟು ಪಕ್ಕದ ತಟ್ಟೆಗೆ ಕೈ ಹಾಕಿದರಾಯಿತು. ನನ್ನಂಥವರನ್ನು ಟೋಕಿಯೋದಲ್ಲಿ ಕಾಡುವುದು ಕಾಣದ ಮೀನು. ಅದು ನೀರಿನಲ್ಲಿ ಇರುತ್ತದೆ. ಮೀನು ಇನ್ನೆಲ್ಲಿರುತ್ತೆ ಅಂತ ನಗಬೇಡಿ. ನಾನು ಹೇಳುತ್ತಿರುವುದು ಅಡುಗೆಮನೆಯ ನೀರು.

ಆ ನೀರಿನ ಹೆಸರು ದಾಶಿ. ಜಪಾನೀ ಅಡುಗೆ ಶುರುವಾಗುವುದೇ ಅದರಿಂದ. ಟ್ಯೂನಾ ಜಾತಿಗೆ ಸೇರಿದ ಕತ್ಸುವೊ ಎಂಬ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಒಣಗಿಸುತ್ತಾರೆ. ಮೇಲು ದರ್ಜೆಯದಾದರೆ ಬೂಷ್ಟು ಹಿಡಿಸಿ ಮತ್ತೆ ಮತ್ತೆ ಒಣಗಿಸುತ್ತಾರೆ. ತಿಂಗಳುಗಟ್ಟಲೆ ನಡೆಯುವ ಕೆಲಸ. ಕೊನೆಗೆ ಅದು ಮೀನು ಎಂದು ಯಾರೂ ಹೇಳಲಾರರು. ಎರಡು ತುಂಡನ್ನು ಒಂದಕ್ಕೊಂದು ತಟ್ಟಿದರೆ ಕಟ್ಟಿಗೆ ತಟ್ಟಿದ ಸದ್ದು ಬರುತ್ತದೆ. ಅದನ್ನು ಹೆರೆಯುವ ಸಾಧನವೂ ಬಡಗಿಯದೇ: ಉಜ್ಜುಗೊರಡನ್ನು ತಲೆಕೆಳಗು ಮಾಡಿ ಮರದ ಡಬ್ಬಿಯ ಮೇಲೆ ಕೂರಿಸಿರುತ್ತಾರೆ. ಹೆರೆದ ತೆಳು ಎಸಳುಗಳೇ ಕತ್ಸುವೊಬುಶಿ. ಕೊಂಬು ನೆನೆಸಿ ಬಿಸಿ ಮಾಡಿದ ನೀರಿಗೆ (ದನದ ಕೊಂಬಲ್ಲ, ಗಾಬರಿಯಾಗಬೇಡಿ, ಕಡಲ ಪಾಚಿ) ಈ ಎಸಳು ಹಾಕಿ, ಒಂದೆರಡು ನಿಮಿಷ ಬಿಟ್ಟು ಸೋಸಿದರೆ ದಾಶಿ ಸಿದ್ಧ. ತಿಳಿಯಾದ ಹೊಂಬಣ್ಣದ ನೀರು. ನೋಡಿದರೆ ಕುಡಿಯೋಣ ಅನ್ನಿಸಬೇಕು, ಹಾಗಿರುತ್ತದೆ.

ಈ ನೀರು ಎಲ್ಲಿ ಇರುತ್ತದೆ ಎಂದು ಪಟ್ಟಿ ಮಾಡುವುದಕ್ಕಿಂತ ಎಲ್ಲಿ ಇರುವುದಿಲ್ಲ ಎಂದು ಹೇಳುವುದು ಸುಲಭ. ಮಿಸೋ ಎಂಬ ಸೋಯಾ ಹಿಂಡಿಯ ಸೂಪಿನಲ್ಲಿ ಇರುತ್ತದೆ. ನೂಡಲ್ಸ್ ಅದ್ದುವ ರಸದಲ್ಲಿ, ಬೇಯಿಸಿದ ಸಿಹಿಗುಂಬಳದಲ್ಲಿ, ಪಾಲಕ್ ಪಲ್ಯದಂಥ ಪಾಪದ ತಿನಿಸಿನಲ್ಲೂ ಇರುತ್ತದೆ. ಉಪ್ಪು ಹಾಕಿ ಒಣಗಿಸಿದ ಉಮೆಬೋಶಿ ಎಂಬ ಹುಳಿ ಹಣ್ಣಿನಲ್ಲಿ ಏನಿರಲು ಸಾಧ್ಯ ಅನ್ನುತ್ತೀರಿ. ಅದರಲ್ಲೂ ಕತ್ಸುವೊ ಬೆರೆಸಿದ ಒಂದು ಬಗೆ ಇದೆ. ಬರೀ ತಣ್ಣಗಿನ ತೋಫು ಕೊಡಿ ಎಂದು ಕೇಳಿದೆ, ಒಂದು ಸಂಜೆ. ಬಿಳಿ ತೋಫು, ಮೇಲೆ ತುರಿದ ಶುಂಠಿ, ಹೆಚ್ಚಿದ ಈರುಳ್ಳಿ ಸೊಪ್ಪು. ಎಲ್ಲದರ ಮೇಲೆ ಒಂದು ಹಿಡಿ ಕತ್ಸುವೊಬುಶಿ. ಬಿಸಿ ತಿಂಡಿಯ ಮೇಲೆ ಉದುರಿಸಿದರಂತೂ ಆ ಎಸಳುಗಳು ಆವಿಗೆ ಬಳುಕಿ ಜೀವ ಬಂದ ಹಾಗೆ ಕುಣಿಯುತ್ತವೆ. ಸತ್ತು ತಿಂಗಳುಗಟ್ಟಲೆ ಒಣಗಿದ ಮೀನು ನನ್ನ ಎದುರೇ ಯಾಕೆ ಕುಣಿಯಬೇಕು, ಹೇಳಿ.

ನಾನು ವೀಗನ್. ಮಾಂಸ, ಮೀನು, ಮೊಟ್ಟೆಯ ಜೊತೆಗೆ ಹಾಲು, ಮೊಸರು, ಬೆಣ್ಣೆ, ಜೇನನ್ನೂ ಬಿಟ್ಟವಳು. ಊರಿನಲ್ಲಿ ಇದನ್ನು ಹೇಳಿದರೆ ಮೊಸರನ್ನ ತಿನ್ನದವಳು ಬದುಕಿಯಾದರೂ ಹೇಗಿದ್ದಾಳೆ ಎಂಬಂತೆ ನೋಡುತ್ತಾರೆ. ಜಪಾನಿನಲ್ಲಿ ತಮಾಷೆ ಏನೆಂದರೆ, ಹಾಲಿನ ಕಾಟ ತೀರಾ ಕಡಿಮೆ. ಹಳೆಯ ಜಪಾನೀ ಅಡುಗೆಯಲ್ಲಿ ಹಾಲಿಲ್ಲ, ಬೆಣ್ಣೆಯಿಲ್ಲ, ತುಪ್ಪದ ಸುಳಿವಿಲ್ಲ. ಬ್ರೆಡ್ಡು, ಕೇಕಿನ ಅಂಗಡಿಗೆ ಹೋದರೆ ಮಾತ್ರ ಹುಷಾರಾಗಿರಬೇಕು. ಊರಿನಲ್ಲಿ ದಿನಬೆಳಗಾದರೆ ಯಾವುದರ ಜೊತೆ ಗುದ್ದಾಡುತ್ತೇನೋ ಅದು ಇಲ್ಲಿ ಇಲ್ಲವೇ ಇಲ್ಲ. ಊರಿನಲ್ಲಿ ಯಾವುದನ್ನು ನೆನೆಸಿಕೊಳ್ಳುವುದೂ ಇಲ್ಲವೋ ಅದು ಇಲ್ಲಿ ಪ್ರತಿ ಬಟ್ಟಲಿನಲ್ಲಿದೆ.

ಮೀನು ಇಷ್ಟು ಆಳಕ್ಕೆ ಇಳಿಯಲು ಒಂದು ಹಳೆಯ ಕಾರಣವೂ ಇದೆ. 675ರಲ್ಲಿ ತೆಮ್ಮು ಎಂಬ ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿ ಇವುಗಳ ಮಾಂಸ ತಿನ್ನಬಾರದೆಂದು ಆಜ್ಞೆ ಹೊರಡಿಸಿದ. (ಕೋತಿಯನ್ನು ಪಟ್ಟಿಗೆ ಸೇರಿಸಿದ್ದಾನೆ ಎಂದರೆ ಯಾರೋ ತಿನ್ನುತ್ತಿದ್ದರು ಎಂದೇ ಅರ್ಥ ಅಲ್ವಾ.) ಬೌದ್ಧ ಧರ್ಮದ ಪ್ರಭಾವ. ಆಮೇಲೆ ಬೇರೆ ಬೇರೆ ರಾಜರು ಬೇರೆ ಬೇರೆ ರೀತಿಯಲ್ಲಿ ಇಂಥ ಕಟ್ಟಳೆ ತಂದರು. ಕದ್ದು ತಿನ್ನುವವರು ತಿಂದರು, ಔಷಧಿ ಎಂದು ಹೇಳಿಕೊಂಡೂ ತಿಂದರು. ಆದರೂ ಮಾಂಸ ತಿನ್ನುವುದು ಅಷ್ಟು ಒಳ್ಳೆಯದಲ್ಲ ಎಂಬ ಭಾವನೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. 1872ರಲ್ಲಿ ಮೆಯ್ಜಿ ಚಕ್ರವರ್ತಿ ತಾನೇ ದನದ ಮಾಂಸ ತಿಂದ ಸುದ್ದಿ ಹೊರಬಂದ ಮೇಲೆ ಜನಕ್ಕೆ ಧೈರ್ಯ ಬಂತು. ಇಷ್ಟು ಉದ್ದದ ಕಾಲದಲ್ಲಿ ಮೀನಿಗೆ ಮಾತ್ರ ಅಷ್ಟಾಗಿ ಅಡ್ಡಿ ಬರಲಿಲ್ಲ. ಸುತ್ತಲೂ ಕಡಲು ಬೇರೆ. ಹೀಗಾಗಿ ಇವತ್ತಿಗೂ ಎಷ್ಟೋ ಜನರಿಗೆ ಮಾಂಸವಿಲ್ಲದ ಊಟ ಎಂದರೆ ಮೀನಿರುವ ಊಟ. ಅವರನ್ನು ದೂರಿ ಏನು ಪ್ರಯೋಜನ? ಬಂಗಾಳದಲ್ಲಿ ನಮ್ಮವರೇ ಮೀನಿಗೆ ಎಂಥ ಮರ್ಯಾದೆ ಕೊಟ್ಟಿದ್ದಾರೆ ನೋಡಿ.

ಟೋಕಿಯೋದ ಮೂಲೆ ಮೂಲೆಯಲ್ಲೂ ಸೆವೆನ್-ಇಲೆವೆನ್, ಲಾಸನ್, ಫ್ಯಾಮಿಲಿಮಾರ್ಟ್ ಅಂಗಡಿಗಳು ಹಗಲೂ ರಾತ್ರಿ ತೆರೆದಿರುತ್ತವೆ. ಊರು ಹೊಸದು, ಹೊಟ್ಟೆ ಹಸಿದಿದೆ, ಮಳೆ ಬರುತ್ತಿದೆ ಎಂದಾಗ ಕಾಲು ತಾನಾಗಿ ಅಲ್ಲಿಗೇ ಹೋಗುತ್ತದೆ. ಅಲ್ಲಿ ಒನಿಗಿರಿ ಎಂಬ ಮೂರು ಮೂಲೆಯ ಅನ್ನದ ಉಂಡೆ ಸಿಗುತ್ತದೆ. ಅದನ್ನು ಸುತ್ತಿರುವ ಪ್ಲಾಸ್ಟಿಕ್ಕಿನ ಮೇಲೆ 1, 2, 3 ಎಂದು ಅಂಕಿ ಇರುತ್ತದೆ. ಒಂದನ್ನು ಎಳೆದರೆ ನಡುವೆ ಸೀಳುತ್ತದೆ. ಎರಡನ್ನು ಎಳೆದರೆ ಬಲಗಡೆಯ ಹೊದಿಕೆ ಬರುತ್ತದೆ, ಮೂರಕ್ಕೆ ಎಡಗಡೆಯದು. ಅನ್ನಕ್ಕೂ ನೋರಿ ಎಂಬ ಪಾಚಿಯ ಹಾಳೆಗೂ ನಡುವೆ ಇದ್ದ ಪರದೆ ಆಗ ಜಾರಿಹೋಗಿ ಎರಡೂ ಕೂಡಿಕೊಳ್ಳುತ್ತವೆ. ಅಲ್ಲಿಯವರೆಗೂ ಬೇರೆ ಇದ್ದ ಕಾರಣ ಹಾಳೆ ಇನ್ನೂ ಗರಿಗರಿ. ಅನ್ನದ ಉಂಡೆಗೆ ಇಷ್ಟು ತಲೆ ಓಡಿಸಿದ ಜನಕ್ಕೆ ನಮಸ್ಕಾರ ಹಾಕಬೇಕು.

ಆದರೆ ಒಳಗೇನಿದೆ? ಫೋನಿನ ಕ್ಯಾಮೆರಾ ಹಿಡಿದು ಅಕ್ಷರಗಳನ್ನು ಇಂಗ್ಲಿಷಿಗೆ ತಿರುಗಿಸುತ್ತಾ, ಅಂಗಡಿಯ ಮೂಲೆಯಲ್ಲಿ ಪತ್ತೇದಾರಿಣಿಯಾಗಿ ನಿಲ್ಲಬೇಕು. ಅಲರ್ಜಿ ಆಗುವ ವಸ್ತುಗಳನ್ನು ಪೊಟ್ಟಣದ ಮೇಲೆ ಹಾಕಲೇಬೇಕೆಂಬ ಕಾನೂನು ಅಲ್ಲಿದೆ. ಮೊಟ್ಟೆ, ಹಾಲು, ಗೋಧಿ, ಶೇಂಗಾ, ಸಿಗಡಿ, ಏಡಿ ಎಲ್ಲ ಆ ಪಟ್ಟಿಯಲ್ಲಿವೆ. ಹಾಲು, ಮೊಟ್ಟೆಯ ಚಿಂತೆ ಅಲ್ಲಿಗೆ ಮುಗಿಯಿತು. ಕತ್ಸುವೊ ಮಾತ್ರ ಆ ಪಟ್ಟಿಯಲ್ಲಿಲ್ಲ! ಅದನ್ನು ಸಣ್ಣ ಅಕ್ಷರದ ಸಾಮಾನುಗಳ ಸಾಲಿನಲ್ಲಿ ಹುಡುಕಿ ಹಿಡಿಯಬೇಕು. ನತ್ತೋ ಎಂಬ ಹುದುಗಿಸಿದ ಸೋಯಾ ಕಾಳಿನ ಡಬ್ಬಿಯಲ್ಲಿ ಕಾಳು ಶುದ್ಧ, ಜೊತೆಗಿಟ್ಟಿರುವ ಪುಟ್ಟ ಪೊಟ್ಟಣದ ರಸದಲ್ಲಿ ಸಾಮಾನ್ಯವಾಗಿ ಮೀನು. ಪೊಟ್ಟಣ ಬಿಟ್ಟು ಸೋಯಾ ಸಾಸ್ ಹಾಕಿಕೊಳ್ಳಬಹುದು. ನತ್ತೋದ ಲೋಳೆಯನ್ನೂ ವಾಸನೆಯನ್ನೂ ತಡೆದುಕೊಳ್ಳುವ ಶಕ್ತಿ ನಿಮಗಿದ್ದರೆ, ಅಷ್ಟೇ.

ಹೀಗೆ ಓದುತ್ತಿರುವಾಗ ನೋರಿಯ ಪೊಟ್ಟಣವೊಂದರ ಮೇಲೆ ಸಿಕ್ಕ ಸಾಲು ಇದು: ಈ ಪಾಚಿಯನ್ನು ಸಿಗಡಿ, ಏಡಿಗಳು ವಾಸಿಸುವ ಜಾಗದಿಂದ ತೆಗೆಯಲಾಗಿದೆ. ಅಂದರೆ ಇದರಲ್ಲಿ ಸಿಗಡಿ ಇದೆ ಎಂದಲ್ಲ, ನೆರೆಹೊರೆಯಲ್ಲಿ ಇತ್ತು, ನಿಮಗೆ ಗೊತ್ತಿರಲಿ ಎಂದು. ಇಂಥ ಸಾಲು ಅಲ್ಲಿ ತುಂಬಾ ಮಾಮೂಲಿ. ನಾನು ಅದನ್ನು ನಿಂತಲ್ಲೇ ಮತ್ತೊಮ್ಮೆ ಓದಿದೆ. ಕಡಲಿನ ನೆರೆಮನೆಯವರ ವಿವರವನ್ನೂ ಕೊಡುವ ದೇಶದಲ್ಲಿ ಉಪವಾಸ ಬಿದ್ದರೂ ಮೋಸ ಹೋಗಲಾರೆ ಅನ್ನಿಸಿತು.

ಆ ನಂಬಿಕೆಗೆ ಆಧಾರ ಸಿಕ್ಕಿದ್ದು ಆಸಾಕುಸಾದ ಒಂದು ಓಣಿಯಲ್ಲಿ. ಸೋಬಾ ಎಂಬ ಬಕ್‌ವೀಟ್ ನೂಡಲ್ಸ್ ಮಾರುವ ಅಂಗಡಿ. ಗಂಡ ಅಡುಗೆಗೆ, ಹೆಂಡತಿ ಬಡಿಸುವುದಕ್ಕೆ. ಟೋಕಿಯೋದಲ್ಲಿರುವ ಗೆಳತಿ ನನಗೊಂದು ಚೀಟಿ ಬರೆದುಕೊಟ್ಟಿದ್ದಳು. ಮಾಂಸ, ಮೀನು, ಮೊಟ್ಟೆ, ಹಾಲು ತಿನ್ನುವುದಿಲ್ಲ, ಕತ್ಸುವೊ ದಾಶಿಯೂ ಬೇಡ ಎಂದು ಚೆನ್ನಾದ ಜಪಾನಿಯಲ್ಲಿ. ಆ ಹೆಂಗಸು ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಓದಿದರು. ಪೂರ್ತಿ ಓದಿದರು. ಒಳಗೆ ತೆಗೆದುಕೊಂಡು ಹೋದರು. ಪರದೆಯ ಆಚೆ ಗಂಡ ಹೆಂಡಿರ ಸಮಾಲೋಚನೆ ನಡೆಯಿತು. ಗಂಡ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, ಒಣ ಸೋಬಾದ ಚಿತ್ರ ತೋರಿಸಿ ಬೆರಳಲ್ಲಿ ಸೊನ್ನೆ ಮಾಡಿದರು: ಇದು ಆಗುತ್ತದೆ. ಪಕ್ಕದ ರಸದ ಬಟ್ಟಲು ತೋರಿಸಿ ಎರಡೂ ತೋಳನ್ನು ಎದೆಯ ಮುಂದೆ ಅಡ್ಡಡ್ಡ ಇಟ್ಟರು: ಇದು ಆಗುವುದಿಲ್ಲ. ಜಪಾನಿನಲ್ಲಿ ‘ಇಲ್ಲ’ಕ್ಕೆ ಅದೇ ಗುರುತು. ಮುಖದಲ್ಲಿ ಮಾತ್ರ ನನಗಿಂತ ಅವರಿಗೇ ಜಾಸ್ತಿ ಬೇಜಾರು.

ರಸದಿಂದ ಮೀನು ತೆಗೆಯಿರಿ ಎನ್ನಲು ಬರುವುದಿಲ್ಲ. ಸೋಯಾ ಸಾಸ್, ಸಕ್ಕರೆ, ಮಿರಿನ್ ಎಂಬ ಅಕ್ಕಿಯ ಸಿಹಿ ಮದ್ಯ ಸೇರಿಸಿ ಕಾಯಿಸಿ ದಿನಗಟ್ಟಲೆ ಇಟ್ಟು, ಆಮೇಲೆ ದಾಶಿ ಬೆರೆಸಿ ಮಾಡಿದ್ದು. ಬೆಂಗಳೂರಿನ ಹೋಟೆಲಿನಲ್ಲಿ ನಾವು ‘ಈರುಳ್ಳಿ ಬೇಡ, ಖಾರ ಕಮ್ಮಿ, ಎಣ್ಣೆ ಕಮ್ಮಿ, ಆದ್ರೆ ರೋಸ್ಟ್ ಆಗಿರ್ಲಿ’ ಎಂದು ದೋಸೆಗೆ ಹೇಳುವ ಪದ್ಧತಿ ಅಲ್ಲಿ ನಡೆಯದು. ಆದರೂ ಆ ಮನುಷ್ಯ ಸ್ವಲ್ಪ ಯೋಚಿಸಿ, ಉಪ್ಪು, ವಸಾಬಿ, ತುರಿದ ಮೂಲಂಗಿ ತಂದಿಟ್ಟರು. ಹೀಗೆ ಅದ್ದಿ ತಿನ್ನಿ ಎಂದು ಸನ್ನೆ ಮಾಡಿದರು. ತಣ್ಣನೆ ಸೋಬಾಗೆ ನಾಲ್ಕು ಹರಳು ಉಪ್ಪು. ಅಷ್ಟೇ. ಬಕ್‌ವೀಟ್ ಹಿಟ್ಟಿನ ವಾಸನೆ ಮೂಗಿಗೆ ಹತ್ತಿತು. ಹುರಿದ ಕಾಳಿನದೂ ಮಣ್ಣಿನದೂ ಸೇರಿದ ಒಂದು ಘಮ. ರಸದಲ್ಲಿ ಅದ್ದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲವೇನೋ. ಕೊನೆಗೆ ಸೋಬಾ ಬೇಯಿಸಿದ ನೀರನ್ನು ಒಂದು ಜಗ್ಗಿನಲ್ಲಿ ತಂದುಕೊಟ್ಟರು. ಉಳಿದವರು ಅದನ್ನು ರಸಕ್ಕೆ ಬೆರೆಸಿ ಕುಡಿಯುತ್ತಿದ್ದರು. ನಾನು ಉಪ್ಪು ಹಾಕಿಕೊಂಡು ಗಂಜಿಯಂತೆ ಕುಡಿದೆ.

ಇನ್ನೊಂದು ಕಡೆ ಚೀಟಿ ಓದಿದವನು, ನಮ್ಮಲ್ಲಿ ನಿಮಗೆ ಕೊಡುವಂಥದ್ದು ಏನೂ ಇಲ್ಲ ಎಂದು ಬಗ್ಗಿ ನಮಸ್ಕರಿಸಿ, ಬಾಗಿಲವರೆಗೂ ಬಂದು ಕಳಿಸಿದ. ಮೊದಲು ಮುಖಕ್ಕೆ ಹೊಡೆದ ಹಾಗಾಯಿತು. ಬೀದಿಯ ತುದಿ ತಲುಪುವ ಹೊತ್ತಿಗೆ ಬೇರೆ ಯೋಚನೆ ಬಂತು. ನಮ್ಮೂರ ಹೋಟೆಲಿನಲ್ಲಿ, ‘ಇದಕ್ಕೆ ಹಾಲು ಹಾಕ್ತೀರಾ?’ ಎಂದರೆ ತಲೆ ಎತ್ತದೆಯೇ ‘ಎಲ್ಲಾ ಪ್ಯೂರ್ ವೆಜ್ ಮೇಡಂ’ ಎನ್ನುತ್ತಾರೆ. ಇನ್ನೊಮ್ಮೆ ಒತ್ತಿ ಕೇಳಿದರೆ ‘ಸ್ವಲ್ಪ ಅಷ್ಟೇ ಮೇಡಂ, ಗೊತ್ತೇ ಆಗಲ್ಲ’ ಎನ್ನುತ್ತಾರೆ. ಗಿರಾಕಿ ಹೋದರೂ ಪರವಾಗಿಲ್ಲ, ಸುಳ್ಳು ಹೇಳಿ ಉಣಿಸಲಾರೆ ಎಂದವನ ಮೇಲೆ ಸಿಟ್ಟು ಹೇಗೆ ಮಾಡುವುದು?

ಎಲ್ಲ ಕಡೆಯೂ ಇಷ್ಟು ಪಾಡು ಪಡಬೇಕಾಗಿಲ್ಲ ಎನ್ನಿ. ಹ್ಯಾಪಿಕೌ ಎಂಬ ಆ್ಯಪ್ ತೆಗೆದರೆ ಟೋಕಿಯೋದ ವೀಗನ್ ಹೋಟೆಲುಗಳು ಸಾಲಾಗಿ ಬರುತ್ತವೆ. ಟೋಕಿಯೋ ಸ್ಟೇಷನ್ನಿನ ಒಳಗೇ ಟೀಸ್ ತಾನ್‌ತಾನ್ ಇದೆ. ಹಂದಿಯ ಮೂಳೆ ಗಂಟೆಗಟ್ಟಲೆ ಕುದಿಸಿ ರಾಮೆನ್ ಎಂಬ ನೂಡಲ್ಸ್ ಸೂಪು ಮಾಡುವ ದೇಶದಲ್ಲಿ ಇವರು ಎಳ್ಳು ಅರೆದು, ಸೋಯಾ ಹಾಕಿ, ಖಾರವಾಗಿ ಮಾಡಿಕೊಡುತ್ತಾರೆ. ಸೊರಸೊರ ಸದ್ದು ಮಾಡಿಕೊಂಡು ತಿನ್ನುವವರಲ್ಲಿ ಸೂಟು ಹಾಕಿದ ಆಫೀಸಿನವರೂ ಇದ್ದರು. ಅವರೆಲ್ಲ ವೀಗನ್ ಇರಲಾರರು. ರುಚಿಗೆ ಬಂದವರು. ಕೊಕೊ ಇಚಿಬಾನ್ಯಾ ಎಂಬ ಕರಿ ಹೋಟೆಲುಗಳಲ್ಲೂ ಪ್ರಾಣಿಜನ್ಯ ಸಾಮಾನಿಲ್ಲದ ಒಂದು ಕರಿ ಸಿಗುತ್ತದೆ, ಎಲ್ಲ ಶಾಖೆಯಲ್ಲೂ ಅಲ್ಲ. ಹೊಟ್ಟೆ ತುಂಬುತ್ತದೆ, ಅದಕ್ಕಿಂತ ಹೆಚ್ಚು ಹೊಗಳಲಾರೆ. ಸಿಹಿಯ ವಿಷಯದಲ್ಲಂತೂ ಸುಗ್ಗಿ. ಹಳೇ ಕಾಲದ ಜಪಾನೀ ಸಿಹಿಗಳು ಬಹುಪಾಲು ಅಕ್ಕಿ ಹಿಟ್ಟು, ಸಕ್ಕರೆ, ಅಜುಕಿ ಕಾಳಿನ ಹೂರಣ. ಯೋಕಾನ್ ಎಂಬ ಬರ್ಫಿಯನ್ನು ಗಟ್ಟಿ ಮಾಡುವುದು ಕಡಲ ಪಾಚಿಯಿಂದ ತೆಗೆದ ಅಗರ್. ಚಳಿಗಾಲದಲ್ಲಿ ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲೇ ಬಿಸಿ ಸಿಹಿಗೆಣಸು ಸುಟ್ಟು ಇಟ್ಟಿರುತ್ತಾರೆ. ಸಿಪ್ಪೆಯ ಅಂಚಿನಲ್ಲಿ ಸಕ್ಕರೆ ಪಾಕ ಒಸರಿ ಕಪ್ಪಾಗಿರುತ್ತದೆ. ಅದರ ಲೇಬಲ್ ಓದಬೇಕಾಗಿಲ್ಲ.

ಕಡಲ ಪಾಚಿಯ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. 1908ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಪ್ರೊಫೆಸರ್ ಕಿಕುನಾಯೆ ಇಕೆಡಾ ದಾಶಿಯ ರುಚಿ ಎಲ್ಲಿಂದ ಬರುತ್ತದೆ ಎಂದು ಹುಡುಕಿ ಕಂಡುಕೊಂಡರು. ಹಾಗೆ ಹುಡುಕುತ್ತಾ ಅವರು ಆ ರುಚಿ ಕೊಡುವ ಗ್ಲುಟಮೇಟ್ ಎಂಬ ವಸ್ತು ತೆಗೆದದ್ದು ಮೀನಿನಿಂದಲ್ಲ, ಕೊಂಬುವಿನಿಂದ. ಮರುವರ್ಷವೇ ಅದು ಅಜಿನೊಮೊಟೊ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ನಮ್ಮ ಗೋಬಿ ಮಂಚೂರಿ ಗಾಡಿಯವನು ಬೆರಳ ತುದಿಯಲ್ಲಿ ಉದುರಿಸುವ ಬಿಳಿ ಪುಡಿ ಅದೇ. ಬರೀ ಪಾಚಿಯಲ್ಲೇ ಇಷ್ಟು ರುಚಿ ಇರುವಾಗ ಮೀನಿನ ಹಂಗು ಯಾಕೆ ಎಂದು ನಾನು ಕೇಳುವ ಮೊದಲೇ ಜಪಾನಿನ ಸನ್ಯಾಸಿಗಳು ಅದಕ್ಕೆ ಉತ್ತರ ಕಂಡುಕೊಂಡಿದ್ದರು. ಕೊಂಬು, ಒಣಗಿದ ಶಿಟಾಕೆ ಅಣಬೆ, ಇವೆರಡರಿಂದಲೇ ಅವರ ದಾಶಿ. ಆ ಅಡುಗೆಯ ಹೆಸರು ಶೋಜಿನ್ ರ‍್ಯೋರಿ.

ಅದನ್ನು ಉಣ್ಣಲು ಶಿಂಜುಕುವಿನಿಂದ ರೈಲು ಹತ್ತಿ ಒಂದು ಗಂಟೆಯ ಹಾದಿ ತಕಾವೊ ಬೆಟ್ಟಕ್ಕೆ ಹೋದೆ. 599 ಮೀಟರ್ ಎತ್ತರದ ಸಣ್ಣ ಗುಡ್ಡ, ಅದೂ ಟೋಕಿಯೋ ಆಡಳಿತಕ್ಕೇ ಸೇರಿದ್ದು. ಮೇಲೆ ಯಾಕುವೊಯಿನ್ ಎಂಬ, ಶಿಂಗೋನ್ ಬೌದ್ಧ ಪಂಥದ ದೇವಾಲಯ. ಬಾಗಿಲಲ್ಲಿ ಉದ್ದ ಮೂಗಿನ ತೆಂಗು ಎಂಬ ಭೂತಗಳ ವಿಗ್ರಹ, ಒಳಗೆ ದಿನಾ ಹೋಮ. ನಮ್ಮ ದೇಶದಿಂದ ಚೀನಾ ಸುತ್ತಿಕೊಂಡು ಹೋದ ಹೋಮವೇ. ಮಂತ್ರದ ಲಯ, ಹೊಗೆ, ಜನ ಕೈಮುಗಿದು ಕೂತದ್ದು ನೋಡುತ್ತಿದ್ದರೆ ಊಟಕ್ಕೆ ಎಲೆ ಹಾಕುವುದೊಂದೇ ಬಾಕಿ ಅನ್ನಿಸಿತು. ಊಟಕ್ಕೆ ಮೊದಲೇ ಹೇಳಿಡಬೇಕು, ಬೆಲೆ ಸಾವಿರಗಟ್ಟಲೆ ಯೆನ್. ಸನ್ಯಾಸಿಗಳ ಊಟ ದುಬಾರಿಯಾಗಿರುವುದು ಯಾಕೋ ತಮಾಷೆ.

ಎಲೆಯ ಬದಲು ಮಣೆಯಷ್ಟು ಎತ್ತರದ ಕೆಂಪು ಅರಗಿನ ತಟ್ಟೆ, ಅದರ ಮೇಲೆ ಪುಟ್ಟ ಪುಟ್ಟ ಬಟ್ಟಲು. ಎಳ್ಳನ್ನು ಅರೆದು ಕುಡ್ಜು ಗೆಡ್ಡೆಯ ಹಿಟ್ಟಿನ ಜೊತೆ ಕೈಬಿಡದೆ ತಿರುವಿ ಮಾಡಿದ ಎಳ್ಳಿನ ತೋಫು. ಮುಟ್ಟಿದರೆ ನಡುಗುತ್ತದೆ, ಮೇಲೆ ಕಡಲೆಯಷ್ಟು ವಸಾಬಿ. ಕೊನ್ಯಾಕು ಎಂಬ ಗೆಡ್ಡೆಯಿಂದ ಮಾಡಿದ ಹಲ್ಲೆಗಳನ್ನು ಹಸಿ ಮೀನಿನ ಹಾಗೆಯೇ ಜೋಡಿಸಿದ್ದರು. ಮೀನು ಬಿಟ್ಟವರಿಗೂ ಮೀನಿನ ನೆನಪು ಬಿಟ್ಟಿಲ್ಲ ನೋಡಿ. ಅಣಬೆ, ಕ್ಯಾರೆಟ್, ಒಣ ತೋಫು ಬೇಯಿಸಿದ ಬಟ್ಟಲಿನಲ್ಲಿ ತಳದಷ್ಟೇ ರಸ. ಬಟ್ಟಲು ಎತ್ತಿ ಅದನ್ನು ಕುಡಿದೆ. ಟೋಕಿಯೋಗೆ ಬಂದ ಮೇಲೆ ಯಾರನ್ನೂ ಕೇಳದೆ, ಯಾವ ಚೀಟಿಯನ್ನೂ ತೋರಿಸದೆ ಕುಡಿದ ಮೊದಲ ತಿಳಿನೀರು ಅದು. ಈರುಳ್ಳಿಯಿಲ್ಲ, ಬೆಳ್ಳುಳ್ಳಿಯಿಲ್ಲ. ಅದೂ ಅಲ್ಲಿ ನಿಷಿದ್ಧ. ಉಡುಪಿಯ ಮಠದ ಪಂಕ್ತಿಯಲ್ಲಿ ಕೂತವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಡೋಗೆನ್ ಎಂಬ ಜೆನ್ ಗುರು 1237ರಲ್ಲಿಯೇ ಮಠದ ಅಡುಗೆಯವನು ಹೇಗಿರಬೇಕೆಂದು ಬರೆದಿಟ್ಟಿದ್ದಾನೆ. ಅಕ್ಕಿ ತೊಳೆಯುವಾಗ ಕಲ್ಲಿನ ಮೇಲೂ ಅಕ್ಕಿಯ ಮೇಲೂ ಕಣ್ಣಿರಲಿ, ಸಾಮಾನನ್ನು ನಿನ್ನ ಕಣ್ಣಿನಷ್ಟೇ ಜೋಪಾನ ಮಾಡು ಎಂದು. ಈ ಊಟ ಅಲ್ಲಿ ಇಷ್ಟು ಹಳೆಯದು. ಆದರೆ ಈಗ ಅದನ್ನು ಹುಡುಕಿಕೊಂಡು ಬೆಟ್ಟ ಹತ್ತಬೇಕು.

ಬೆಟ್ಟ ಇಳಿದ ಮೇಲೆ ಗೆಳತಿಯ ಮನೆ. ಟೋಕಿಯೋದ ಎದೊಗಾವಾ ವಾರ್ಡಿನ ನಿಶಿ-ಕಾಸಾಯ್. 2000ದ ಹೊತ್ತಿಗೆ ಕಂಪ್ಯೂಟರ್ ಕೆಲಸಕ್ಕೆ ಬಂದ ಭಾರತದವರು ನೆಲೆನಿಂತ ಬಡಾವಣೆ. ತೊಗರಿಬೇಳೆ, ಕರಿಬೇವು, ಸಾಸಿವೆ ಎಲ್ಲ ಸಿಗುತ್ತದೆ. ಅವಳು ಬಸ್ಸಾರು ಮಾಡಿದ್ದಳು, ಕೊಮತ್ಸುನಾ ಎಂಬ ಸೊಪ್ಪು ಹಾಕಿ. ಆ ಸೊಪ್ಪಿಗೆ ಹೆಸರು ಬಂದದ್ದು ಅದೇ ಎದೊಗಾವಾ ವಾರ್ಡಿನ ಕೊಮತ್ಸುಗಾವಾ ಎಂಬ ಊರಿನಿಂದ. ಬೇಟೆಗೆ ಬಂದ ಶೋಗುನ್ (ಆಗ ದೇಶ ಆಳುತ್ತಿದ್ದ ಸೇನಾಧಿಪತಿ) ಒಬ್ಬ ಈ ಸೊಪ್ಪಿನ ಸಾರು ಕುಡಿದು ಮೆಚ್ಚಿ ಹೆಸರಿಟ್ಟನೆಂದು ಕತೆ. ‘ಹರಿವೆ ಸೊಪ್ಪು ಸಿಗಲ್ಲ ಅಂತ ಅಳ್ತಾ ಕೂರಕ್ಕಾಗತ್ತೇನೇ, ಇದೂ ಚೆನ್ನಾಗೇ ಬಸಿಯುತ್ತೆ’ ಎಂದಳು ಗೆಳತಿ. ಹುಣಸೆ, ತೆಂಗಿನಕಾಯಿ, ಒಣಮೆಣಸು. ಶೋಗುನ್ ಕುಡಿದದ್ದಕ್ಕಿಂತ ಇದೇ ಮೇಲು, ಅನುಮಾನವಿಲ್ಲ.

ಹಾಸನದಿಂದ ಬಂದಿದ್ದ ಅವಳ ಅತ್ತೆ ಬಡಿಸಲು ನಿಂತರು. ನನ್ನ ತಟ್ಟೆಗೆ ಬಿಸಿ ಅನ್ನ, ಮೇಲೆ ಬಸ್ಸಾರು ಹಾಕಿ, ತುಪ್ಪದ ಮಿಳ್ಳೆ ಎತ್ತಿಕೊಂಡರು.

‘ಅಮ್ಮ, ನಾನು ತುಪ್ಪ ತಿನ್ನಲ್ಲ.’

‘ಮಾಂಸ ಮೀನು ತಿನ್ನಲ್ಲ ಅಂದ್ಲು ಇವಳು. ತುಪ್ಪದಲ್ಲೇನಿದೆ?’

‘ಹಾಲಿನದು ಯಾವುದೂ ತಿನ್ನಲ್ಲಮ್ಮ.’

‘ಒಂದು ಮಿಳ್ಳೆ ಏನೂ ಆಗಲ್ಲ. ಬೆಟ್ಟ ಹತ್ತಿ ಇಳಿದು ಬಂದಿದ್ದೀಯ, ತಿನ್ನು.’

ಮಾತು ಸೋತಾಗ ಸೋಬಾ ಅಂಗಡಿಯವರು ನೆನಪಾದರು. ಎರಡೂ ತೋಳನ್ನು ಎದೆಯ ಮುಂದೆ ಅಡ್ಡಡ್ಡ ಇಟ್ಟು ತೋರಿಸಿದೆ.

‘ಅಯ್ಯೋ, ಚಳಿ ಆಗ್ತಿದೆಯೇನಮ್ಮ?’ ಎನ್ನುತ್ತಾ ಅವರು ಮಿಳ್ಳೆ ಬಗ್ಗಿಸಿದರು.